ಫೀಡ್‌ಗೆ ಅರಿಶಿನ, ಬೆಳ್ಳುಳ್ಳಿ, ಓರೆಗಾನೊ ಹಾಕಿದರೆ ಕೋಳಿ ಮಾಂಸ ನಿಜವಾಗಿ ಸುಧಾರಿಸುತ್ತದಾ?

ಗರಿಗೂಡು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬ್ರಾಯ್ಲರ್ ಸಾಕುತ್ತೇನೆ. ಫೀಡ್ ನಾನೇ ಮಿಕ್ಸ್ ಮಾಡಿಸುತ್ತೇನೆ. ಈಗ ಒಬ್ಬರು ಗಿಡಮೂಲಿಕೆ ಪ್ರೀಮಿಕ್ಸ್ (ಫೀಡ್ ಜೊತೆ ಬೆರೆಸುವ ಪುಡಿ ಮಿಶ್ರಣ) ಹಾಕಿ ಅಂತ ಬೆನ್ನು ಬಿದ್ದಿದ್ದಾರೆ. ಚೀಲದ ಮೇಲೆ ಅರಿಶಿನ, ಬೆಳ್ಳುಳ್ಳಿ, ಓರೆಗಾನೊ, ಅಶ್ವಗಂಧ ಅಂತ ನಾಲ್ಕು ಹೆಸರಿವೆ. ಯಾವುದು ಎಷ್ಟು ಅಂತ ಇಲ್ಲ. ಟನ್ ಫೀಡ್‌ಗೆ 500 ಗ್ರಾಂ ಹಾಕಿ, ಅಷ್ಟೇ. ಕೆಳಗೆ ಮಾತ್ರ ಉದ್ದ ಪಟ್ಟಿ: ತೂಕ ಜಾಸ್ತಿ, ಮಾಂಸ ಮೃದು, ರುಚಿ ಜಾಸ್ತಿ, ಬಾಳಿಕೆ ಜಾಸ್ತಿ.

ತೂಕದ ವಿಷಯ ಬಿಡಿ, ತಕ್ಕಡಿ ಇದೆ, ನೋಡಿಕೊಳ್ಳುತ್ತೇನೆ. ನನಗೆ ಬೇಕಿರುವುದು ಮಾಂಸದ ಮಾತು. ನನ್ನ ಹತ್ತಿರ ಕೊಳ್ಳುವವರು ಹೇಳುವ ದೂರು ಎರಡೇ. ಎದೆ ಮಾಂಸ ಟ್ರೇನಲ್ಲಿ ನೀರು ಬಿಡುತ್ತದೆ. ಫ್ರೀಜರ್‌ನಲ್ಲಿಟ್ಟ ಲೆಗ್ ಪೀಸ್‌ಗೆ ಬರಬರುತ್ತಾ ಕಮಟು ವಾಸನೆ ಹಿಡಿಯುತ್ತದೆ. ಎರಡಕ್ಕೂ ಈ ಚೀಲ ಮದ್ದಾ?

ಹಳೇಕೋಳಿ

ಸುಮ್ನೆ ಮಾರಾಟದ ಮಾತು ಅಣ್ಣ. ಸೊಪ್ಪು ಸದೆ ಪುಡಿ ಮಾಡಿ ಚೀಲಕ್ಕೆ ತುಂಬಿರುತ್ತಾರೆ. ಬಿಡಿ.

ಪಿಪೆಟ್

ಹಳೇಕೋಳಿಯವರೇ, ಚೀಲದ ಬಗ್ಗೆ ನಿಮ್ಮ ಮಾತು ಸರಿಯಿರಬಹುದು. ಸೊಪ್ಪಿನ ಬಗ್ಗೆ ಅಷ್ಟು ಸರಿಯಿಲ್ಲ. ನಾನು ಮಾಂಸ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗರಿಗೂಡು ಅವರ ದೂರು ಎರಡೂ ಬೇರೆ ಬೇರೆ ಕಡೆಯಿಂದ ಬರುವಂಥವು. ಮೊದಲು ಕಮಟು ವಾಸನೆ. ಕೋಳಿ ಏನು ಕೊಬ್ಬು ತಿನ್ನುತ್ತದೋ ಹೆಚ್ಚುಕಡಿಮೆ ಅದನ್ನೇ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಾಕಿದರೆ ಬೇಗ ಕೆಡುವ ಜಾತಿಯ ಕೊಬ್ಬು ಸ್ನಾಯುವಿಗೆ ಬಂದು ಕೂರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಒಡೆದಾಗ ಆ ವಾಸನೆ. ತೊಡೆಯಲ್ಲಿ ಕೊಬ್ಬೂ ಜಾಸ್ತಿ, ರಕ್ತದ ಬಣ್ಣ ಕೊಡುವ ಕಬ್ಬಿಣವೂ ಜಾಸ್ತಿ. ಕಬ್ಬಿಣ ಈ ಕೆಲಸವನ್ನು ಇನ್ನೂ ಬೇಗ ಮಾಡಿಸುತ್ತದೆ. ಅದಕ್ಕೇ ಎದೆಗಿಂತ ಮೊದಲು ಲೆಗ್ ಪೀಸ್ ಕೆಡುವುದು. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಕೊಬ್ಬು ಒಡೆಯುವುದು ನಿಲ್ಲುವುದಿಲ್ಲ. ನಿಧಾನ ಆಗುತ್ತದೆ ಅಷ್ಟೇ.

ಲ್ಯಾಬ್‌ನಲ್ಲಿ ಇದನ್ನು ಟಿಬಾರ್ಸ್ ಅನ್ನುವ ಪರೀಕ್ಷೆಯಲ್ಲಿ ನೋಡುತ್ತೇವೆ. ಕೊಬ್ಬು ಒಡೆದಾಗ ಮ್ಯಾಲಾನ್‌ಡೈಆಲ್ಡಿಹೈಡ್ ಹುಟ್ಟುತ್ತದೆ. ಥಯೋಬಾರ್ಬಿಟ್ಯುರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಕೊಳವೆಯಲ್ಲಿ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣ ಎಷ್ಟು ಗಾಢ ಅಂತ 532 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ತಾಜಾ ಎದೆ ಮಾಂಸದ ಕೊಳವೆ ನೋಡಿದರೆ ನೀರಿನ ಹಾಗೆ. ಬೇಯಿಸಿ ಫ್ರಿಜ್‌ನಲ್ಲಿಟ್ಟ ತೊಡೆ ಮಾಂಸದ್ದು ದೂರದಿಂದಲೇ ಕಾಣುವಷ್ಟು ಗುಲಾಬಿ.

ಗಿಡಮೂಲದ ಸಂಯುಕ್ತಗಳಿಗೆ ಒಳ್ಳೆ ಸಾಕ್ಷಿ ಇರುವುದು ಇಲ್ಲಿಯೇ. ಓರೆಗಾನೊದ ಕಾರ್ವಕ್ರಾಲ್ ಮತ್ತು ಥೈಮಾಲ್, ರೋಸ್ಮರಿಯ ಕಾರ್ನೋಸಿಕ್ ಆಮ್ಲ, ಗ್ರೀನ್ ಟೀಯ ಕ್ಯಾಟೆಕಿನ್, ದ್ರಾಕ್ಷಿ ಬೀಜದ ಪಾಲಿಫಿನಾಲ್. ಇವು ಫೀಡ್‌ನಲ್ಲಿ ಸರಿಯಾದ ಪ್ರಮಾಣದಲ್ಲಿದ್ದಾಗ ಮಾಂಸದ ಟಿಬಾರ್ಸ್ ಕಡಿಮೆ ಬಂದದ್ದು ಮತ್ತೆ ಮತ್ತೆ ಕಂಡಿದೆ.

ನೀರು ಬಿಡುವ ವಿಷಯ ಬೇರೆ. ಅದನ್ನು ಊಟ ಆದಮೇಲೆ ಬರೆಯುತ್ತೇನೆ.

ಹಳೇಕೋಳಿ

ಸರಿ ಸ್ವಾಮಿ, ಕಡಿಮೆ ಬಂತು ಅಂದರೆ ಯಾವುದಕ್ಕೆ ಹೋಲಿಸಿ? ಏನೂ ಹಾಕದ ಕೋಳಿಗೆ ಹೋಲಿಸಿದರೆ ಏನು ಹಾಕಿದರೂ ಮೇಲೇ ಅಲ್ವಾ?

ಪಿಪೆಟ್

ಇದು ಸರಿಯಾದ ಪ್ರಶ್ನೆ. ಹೋಲಿಸಬೇಕಾದದ್ದು ವಿಟಮಿನ್ ಇ ಜೊತೆ. ಕಿಲೋ ಫೀಡ್‌ಗೆ 200 ಮಿಲಿಗ್ರಾಂ ಆಲ್ಫಾ ಟೋಕೋಫೆರಿಲ್ ಅಸಿಟೇಟ್ (ವಿಟಮಿನ್ ಇಯ ಒಂದು ರೂಪ), ಇದು ಪ್ರಯೋಗಗಳಲ್ಲಿ ಹಳೆಯ ಅಳತೆಗೋಲು. ಅದು ಕೊಬ್ಬಿನಲ್ಲಿ ಕರಗಿ ಜೀವಕೋಶದ ಪೊರೆಯ ಒಳಗೇ ಹೋಗಿ ಕೂರುತ್ತದೆ. ಕೊಬ್ಬು ಒಡೆಯಲು ಶುರುವಾಗುವ ಜಾಗವೂ ಅದೇ. ಓರೆಗಾನೊ ಎಣ್ಣೆಯನ್ನು ಕಿಲೋಗೆ 50 ಮತ್ತು 100 ಮಿಲಿಗ್ರಾಂ ಕೊಟ್ಟು ಇದರ ಜೊತೆ ಹೋಲಿಸಿದ 2002ರ ಪ್ರಯೋಗ ಒಂದಿದೆ. 100 ಮಿಲಿಗ್ರಾಂ 50ಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ವಿಟಮಿನ್ ಇ ಎರಡನ್ನೂ ಹಿಂದೆ ಹಾಕಿತು.

ಹಾಗಾಗಿ ಬರೀ ಬಾಳಿಕೆಯೇ ಬೇಕು ಅಂದರೆ ನಾನು ಮೊದಲು ಕೇಳುವುದು "ಫೀಡ್‌ನಲ್ಲಿ ವಿಟಮಿನ್ ಇ ಎಷ್ಟಿದೆ" ಅಂತ. ಅದಕ್ಕೂ ಮೊದಲು "ಹಾಕುತ್ತಿರುವ ಎಣ್ಣೆ ತಾಜಾ ಇದೆಯಾ" ಅಂತ. ಆಗಲೇ ಕಮಟಾದ ಎಣ್ಣೆ ಸುರಿದು ಮೇಲೆ ಓರೆಗಾನೊ ಉದುರಿಸಿದರೆ ಪ್ರಯೋಜನ ಇಲ್ಲ.

ಮಿಕ್ಸರ್‌ಮನೆ

ಫೀಡ್ ಮಿಲ್ ಕಡೆಯಿಂದ ನನ್ನದು ಒಂದು ಲೆಕ್ಕ. ಎಲ್ಲರೂ ಪೆನ್ನು ಹಿಡಿಯಿರಿ.

ಟನ್‌ಗೆ 500 ಗ್ರಾಂ. ನಾಲ್ಕು ಗಿಡ. ಸಮಪಾಲು ಅಂದುಕೊಳ್ಳೋಣ, ಅರಿಶಿನ 125 ಗ್ರಾಂ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನಾಯ್ಡ್, ಅಂದರೆ ಕೆಲಸ ಮಾಡುವ ಹಳದಿ ಸಂಯುಕ್ತಗಳು, ಸಾಮಾನ್ಯವಾಗಿ ನೂರಕ್ಕೆ 2ರಿಂದ 5. ಮೂರು ಅಂತ ಹಿಡಿದರೆ ಒಂದು ಟನ್ ಫೀಡ್‌ನಲ್ಲಿ 4 ಗ್ರಾಂ ಕೂಡ ಇಲ್ಲ. ಪ್ರಯೋಗಗಳಲ್ಲಿ ಅರಿಶಿನ ಪುಡಿ ಹಾಕುವಾಗ ಕಿಲೋ ಫೀಡ್‌ಗೆ 5 ಗ್ರಾಂ ಅನ್ನುವುದು ತೀರಾ ಸಾಮಾನ್ಯ ಪ್ರಮಾಣ. ಅಂದರೆ ಟನ್‌ಗೆ 5 ಕಿಲೋ, ಅದರಲ್ಲಿ 150 ಗ್ರಾಂ ಕರ್ಕ್ಯುಮಿನಾಯ್ಡ್. ಎಲ್ಲಿ 4, ಎಲ್ಲಿ 150?

ಚೀಲದಲ್ಲಿರುವುದು ಪುಡಿ ಅಲ್ಲ, ಸತ್ವ ಅಂತಾದರೆ ಲೆಕ್ಕ ಬದಲಾಗುತ್ತದೆ. ಆಗ ಎಷ್ಟು ಪರ್ಸೆಂಟ್ ಸತ್ವ ಅಂತ ಬರೆದಿರಬೇಕು. ಬರೆದಿಲ್ಲ ಅಂದಮೇಲೆ ನಾನು ಪುಡಿ ಅಂತಲೇ ತಿಳಿಯುತ್ತೇನೆ.

ಇನ್ನೊಂದು. ಪೆಲೆಟ್ (ಒತ್ತಿ ಮಾಡಿದ ಫೀಡ್ ಗುಳಿಗೆ) ಮಾಡುವಾಗ ಕಂಡೀಷನರ್‌ನಲ್ಲಿ ಉಗಿ ಬಿಟ್ಟು 80 ಡಿಗ್ರಿ ಆಸುಪಾಸು ಬಿಸಿ ಮಾಡುತ್ತೇವೆ. ಓರೆಗಾನೊ, ಲವಂಗ, ದಾಲ್ಚಿನ್ನಿಯ ಎಣ್ಣೆಗಳು ಹಾರುವ ಎಣ್ಣೆಗಳು. ಅಂಥದ್ದು ಹಾಕಿದ ದಿನ ಮಿಲ್ ತುಂಬಾ ಘಮಘಮ. ಆ ಘಮ ಮೂಗಿಗೆ ಬಂತು ಅಂದರೆ ಫೀಡ್‌ನಿಂದ ಅಷ್ಟು ಹೋಯಿತು ಅಂತಲೇ ಅರ್ಥ. ಹೊದಿಕೆ ಕಟ್ಟಿದ ಕಾಳಿನ ರೂಪದ್ದಾದರೆ ಜಾಸ್ತಿ ಉಳಿಯುತ್ತದೆ. ಮ್ಯಾಶ್ (ಗುಳಿಗೆ ಮಾಡದ ಪುಡಿ ಫೀಡ್) ಕೊಡುವವರಿಗೆ ಬಿಸಿಯ ತೊಂದರೆ ಇಲ್ಲ. ಆದರೆ ಚೀಲ ಬಿಚ್ಚಿಟ್ಟು ವಾರಗಟ್ಟಲೆ ಬಿಟ್ಟರೆ ಅವರದ್ದೂ ಅದೇ ಕಥೆ.

ಗರಿಗೂಡು

ನನ್ನದು ಮ್ಯಾಶ್. 4 ಗ್ರಾಂ ಅಂತ ನೋಡಿ ನಗು ಬಂತು.

ಬಿಳಿಕೋಟು

ಪಶುವೈದ್ಯೆ ನಾನು. ಮಿಕ್ಸರ್‌ಮನೆಯವರ ಲೆಕ್ಕದ ಮುಂದಿನ ಭಾಗ ಹೇಳುತ್ತೇನೆ. ಫೀಡ್‌ಗೆ ಹೋದದ್ದೆಲ್ಲ ಮಾಂಸಕ್ಕೆ ತಲುಪುವುದಿಲ್ಲ. ಕರ್ಕ್ಯುಮಿನ್ (ಅರಿಶಿನದ ಕರ್ಕ್ಯುಮಿನಾಯ್ಡ್ ಪೈಕಿ ಮುಖ್ಯವಾದದ್ದು) ಕರುಳಿನಿಂದ ಒಳಗೆ ಹೋಗುವುದೇ ಕಷ್ಟ. ಹೋದದ್ದನ್ನೂ ಕರುಳಿನ ಗೋಡೆ ಮತ್ತು ಪಿತ್ತಜನಕಾಂಗ ಬೇರೆ ಅಣುವಿನ ಜೊತೆ ಕಟ್ಟಿ ಹೊರಗೆ ಕಳಿಸುತ್ತವೆ. ಕಾಳುಮೆಣಸಿನ ಪಿಪೆರಿನ್ ಸೇರಿಸಿದರೆ ಮನುಷ್ಯರಲ್ಲಿ ಹೀರಿಕೆ 20 ಪಟ್ಟು ಏರಿತು ಅನ್ನುವ 1998ರ ಪ್ರಯೋಗವನ್ನು ಎಲ್ಲ ಮಾರಾಟಗಾರರೂ ತೋರಿಸುತ್ತಾರೆ. ಅದು ಮನುಷ್ಯರದ್ದು, ಕೋಳಿಯದ್ದಲ್ಲ. ಜೊತೆಗೆ ಪಿಪೆರಿನ್ ಕೆಲಸ ಮಾಡುವುದೇ ದೇಹದ ಆ ಹೊರಹಾಕುವ ವ್ಯವಸ್ಥೆಯನ್ನು ತಡೆದು. ಹಕ್ಕಿಗೆ ಔಷಧಿ ನಡೆಯುತ್ತಿದ್ದರೆ ಔಷಧಿಯೂ ಒಳಗೇ ಉಳಿಯಬಹುದು. ಔಷಧಿ ಕೊಡುವಾಗ ಇಂಥದ್ದು ಹಾಕಿದ್ದೀರಿ ಅಂತ ವೈದ್ಯರಿಗೆ ಮೊದಲೇ ಹೇಳಿ.

ಕಾರ್ವಕ್ರಾಲ್, ಥೈಮಾಲ್ ಬೇರೆ ರೀತಿ. ಅವು ಕರುಳಿನ ಮೊದಲ ಭಾಗದಲ್ಲೇ ಬೇಗ ಹೀರಿಕೊಂಡು, ಬೇಗ ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತವೆ. ಸ್ನಾಯುವಿನಲ್ಲಿ ಸಿಗುವುದು ತೀರಾ ಚೂರು.

ಹಾಗಾದರೆ ಟಿಬಾರ್ಸ್ ಹೇಗೆ ಕಡಿಮೆ ಬಂತು ಅಂತ ಕೇಳುತ್ತೀರಿ. ಒಂದು ಕಾರಣ, ಇವು ಹಕ್ಕಿಯ ಸ್ವಂತ ರಕ್ಷಣೆಯನ್ನು ಎಚ್ಚರಿಸುತ್ತವೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್, ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಥರದ ಕಿಣ್ವಗಳು ಏರುತ್ತವೆ. ಇನ್ನೊಂದು, ಫೀಡ್ ಮತ್ತು ಕರುಳಿನಲ್ಲೇ ವಿಟಮಿನ್ ಇ ಹಾಳಾಗದಂತೆ ಕಾಯುತ್ತವೆ. ಉಳಿದ ವಿಟಮಿನ್ ಇ ಸ್ನಾಯುವಿಗೆ ಹೋಗುತ್ತದೆ. ಹೀಗಾಗಿ ಇವೆರಡನ್ನೂ ಎದುರಾಳಿ ಮಾಡಬೇಡಿ. ವಿಟಮಿನ್ ಇ ತೆಗೆದು ಅದರ ಜಾಗಕ್ಕೆ ಮೂಲಿಕೆ ಹಾಕುವುದಂತೂ ಬೇಡ.

ಹಸಿರುಚೀಲ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಉತ್ಪನ್ನ ಮಾರುವವನು. ಗರಿಗೂಡು ಅವರ ಚೀಲ ನಮ್ಮದಲ್ಲ. ನೀವೆಲ್ಲ ಮಾಂಸದ ತುಂಡು ಮಾತ್ರ ನೋಡುತ್ತಿದ್ದೀರಿ, ಹಕ್ಕಿಯ ಹೊಟ್ಟೆ ಮರೆತಿದ್ದೀರಿ. ಸ್ವೀಡನ್ 1986ರಲ್ಲಿ ಬೆಳವಣಿಗೆಗೆ ಆಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿತು. 2006ರ ಜನವರಿ 1ರಿಂದ ಇಡೀ ಯುರೋಪಿಯನ್ ಒಕ್ಕೂಟ ನಿಲ್ಲಿಸಿತು. ಗಿಡಮೂಲಕ್ಕೆ ಬೇಡಿಕೆ ಏರಿದ್ದಕ್ಕೆ ಅದೇ ದೊಡ್ಡ ಕಾರಣ, ಕರುಳು ಸರಿಯಿಡಲು. ಕರುಳು ಸರಿಯಿದ್ದರೆ ಹಿಕ್ಕೆ ಗಟ್ಟಿ, ಲಿಟರ್ (ಶೆಡ್ಡಿನ ನೆಲದ ಹಾಸು) ಒಣ. ಲಿಟರ್ ಒಣಗಿದ್ದರೆ ಪಾದದ ಹುಣ್ಣು ಕಡಿಮೆ, ಎದೆಯ ಬೊಬ್ಬೆ ಕಡಿಮೆ. ಕತ್ತರಿಸುವಾಗ ಬಿಸಾಡುವುದು ಕಡಿಮೆ. ಇದು ಮಾಂಸದ ಗುಣಮಟ್ಟ ಅಲ್ವಾ?

ಪಿಪೆಟ್

ಖಂಡಿತ ಹೌದು. ಮೊದಲೇ ಹೇಳಿಕೊಂಡು ಬಂದದ್ದಕ್ಕೆ ಥ್ಯಾಂಕ್ಸ್. ನನ್ನ ತಕರಾರು ಒಂದೇ. ಹೊಟ್ಟೆಗೆ ಅಂತ ಬಂದ ಸರಕಿಗೆ ಮೃದುತ್ವ, ರುಚಿ, ಕೊಬ್ಬು ಅಂತ ಎಲ್ಲ ಬಿರುದೂ ಕಟ್ಟುತ್ತಾರೆ. ಒಂದೊಂದಕ್ಕೂ ಬೇರೆ ಸಾಕ್ಷಿ ಬೇಕು.

ಈಗ ನೀರು ಬಿಡುವ ವಿಷಯ. ಕೋಳಿ ಸತ್ತಮೇಲೆ ಸ್ನಾಯುವಿಗೆ ಆಮ್ಲಜನಕ ಇಲ್ಲ. ಒಳಗಿದ್ದ ಗ್ಲೈಕೋಜನ್ (ಸ್ನಾಯು ಕೂಡಿಟ್ಟ ಸಕ್ಕರೆ) ಒಡೆದು ಲ್ಯಾಕ್ಟಿಕ್ ಆಮ್ಲ ಆಗುತ್ತದೆ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 7ರಿಂದ ನಿಧಾನಕ್ಕೆ 5.8 ಆಸುಪಾಸಿಗೆ ಇಳಿಯುತ್ತದೆ. ಇದು ಆಗಲೇಬೇಕು. ತೊಂದರೆ ಬರುವುದು ಬೇಗ ಇಳಿದಾಗ. ಹಕ್ಕಿಯ ಮೈ 41 ಡಿಗ್ರಿ. ಸೆಕೆಯಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟು, ಕ್ರೇಟ್‌ನಲ್ಲಿ ಒದ್ದಾಡಿ, ರೆಕ್ಕೆ ಬಡಿದು ಬಂದ ಹಕ್ಕಿಯ ಪಿಎಚ್ ಮೈ ಬಿಸಿ ಇರುವಾಗಲೇ ಬಿದ್ದುಬಿಡುತ್ತದೆ. ಬಿಸಿ ಮತ್ತು ಹುಳಿ ಸೇರಿದರೆ ಸ್ನಾಯುವಿನ ಪ್ರೋಟೀನ್ ಹಾಳು. ಹಾಳಾದ ಪ್ರೋಟೀನ್ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ಟ್ರೇ ತುಂಬಾ ನೀರು.

ಇದನ್ನು ಅರಿಶಿನ ಹೇಗೆ ತಡೆಯುತ್ತದೆ? ಸೆಕೆಯ ದಿನಗಳಲ್ಲಿ ಸಸ್ಯ ಸಂಯುಕ್ತ ಕೊಟ್ಟ ಕೋಳಿಗಳಲ್ಲಿ ನೀರು ಸ್ವಲ್ಪ ಕಡಿಮೆ ಸೋರಿದ ಪ್ರಯೋಗಗಳು ಇವೆ. ಏನೂ ವ್ಯತ್ಯಾಸ ಕಾಣದ ಪ್ರಯೋಗಗಳೂ ಇವೆ. ಶೆಡ್ಡಿನ ಗಾಳಿ, ಹಿಡಿಯುವ ಕೈ, ಸಾಗಿಸುವ ಹೊತ್ತು, ಕತ್ತರಿಸಿದ ಮೇಲೆ ಎಷ್ಟು ಬೇಗ 4 ಡಿಗ್ರಿಗೆ ತಂದಿರಿ, ಇವುಗಳ ಮುಂದೆ ಚೀಲದ ಕೊಡುಗೆ ಸಣ್ಣದು.

ಕತ್ತಿಮನೆ

ಮಾಂಸ ಕತ್ತರಿಸುವವನು ನಾನು. ಪಿಪೆಟ್ ಸರ್ ಹೇಳಿದ್ದು ಕಣ್ಣಿಗೆ ಕಾಣುತ್ತದೆ. ಒಂದೇ ಶೆಡ್ಡಿನ ಕೋಳಿ, ಒಂದೇ ಫೀಡ್. ನಸುಕಿನಲ್ಲಿ ಬಂದ ಗಾಡಿಯ ಎದೆ ಮಾಂಸ ತಿಳಿಗುಲಾಬಿ, ಬೆರಳಲ್ಲಿ ಒತ್ತಿದರೆ ಮೇಲೆ ಏಳುತ್ತದೆ. ಮಧ್ಯಾಹ್ನದ ಗಾಡಿಯದ್ದು ಬಿಳಿ, ಒತ್ತಿದ ಗುರುತು ಹಾಗೇ ಉಳಿಯುತ್ತದೆ. ಇದಕ್ಕೆ ಯಾವ ಸೊಪ್ಪು?

ಮೃದು ಅನ್ನುವ ಮಾತಿಗೂ ಒಂದು ಸೇರಿಸುತ್ತೇನೆ. ಕತ್ತರಿಸಿದ ಕೂಡಲೇ ಎದೆ ಮಾಂಸವನ್ನು ಮೂಳೆಯಿಂದ ಬಿಡಿಸಿದರೆ ಅದು ಮುದುಡಿಕೊಂಡು ಗಟ್ಟಿಯಾಗುತ್ತದೆ. ತಣ್ಣಗೆ ಇಟ್ಟು ನಾಲ್ಕು ಗಂಟೆ ಬಿಟ್ಟು ಬಿಡಿಸಿದರೆ ಮೃದು. ಅವಸರದಲ್ಲಿ ಬಿಡಿಸಿ "ಫೀಡ್ ಸರಿಯಿಲ್ಲ" ಅನ್ನುವವರು ಬಹಳ ಜನ ಇದ್ದಾರೆ.

ಗರಿಗೂಡು

ಕತ್ತಿಮನೆಯವರೇ, ಕೆಲವು ಎದೆ ಮಾಂಸ ಮರದ ಹಾಗೆ ಗಟ್ಟಿ ಬರುತ್ತದಲ್ಲ, ಮೇಲೆ ಬಿಳಿ ಗೆರೆ ಬೇರೆ. ಅದೂ ಇದೇನಾ?

ಬಿಳಿಕೋಟು

ಅದು ಬೇರೆ. ಬೇಗ ಬೆಳೆಯುವ, ದೊಡ್ಡ ಎದೆಯ ತಳಿಗಳಲ್ಲಿ ಬರುವ ಸ್ನಾಯುವಿನ ದೋಷ. ಸ್ನಾಯು ಬೆಳೆಯುವ ವೇಗಕ್ಕೆ ರಕ್ತನಾಳ ಹೊಂದಿಕೊಳ್ಳುವುದಿಲ್ಲ. ಎಳೆಗಳು ಸತ್ತು ಆ ಜಾಗಕ್ಕೆ ನಾರು ಮತ್ತು ಕೊಬ್ಬು ತುಂಬುತ್ತದೆ. ಹಕ್ಕಿ ಬದುಕಿರುವಾಗಲೇ ಆಗಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ತಿನ್ನಲು ಅಪಾಯ ಇಲ್ಲ, ಆದರೆ ಅಗಿಯುವಾಗ ಕಿರಿಕಿರಿ. ಆಂಟಿಆಕ್ಸಿಡೆಂಟ್ ಕೊಟ್ಟು ಇದನ್ನು ಪೂರ್ತಿ ನಿಲ್ಲಿಸಲು ಆಗಿಲ್ಲ. ಬೆಳವಣಿಗೆಯ ವೇಗ ತಗ್ಗಿಸಿದರೆ ಕಡಿಮೆಯಾಗುತ್ತದೆ. ಅದೇ ಚೀಲ "ತೂಕ ಜಾಸ್ತಿ" ಅನ್ನುತ್ತಿದೆ, ನೋಡಿ.

ಒಣಮೆಣಸು

ಸ್ವಲ್ಪ ದಾರಿ ತಪ್ಪಿಸುತ್ತೇನೆ. ಮೆಣಸಿನಕಾಯಿ ಪುಡಿ ಹಾಕುವವರೂ ಇದ್ದಾರೆ. ಪಾಪ, ಕೋಳಿಗೆ ಖಾರ ಆಗಲ್ವಾ?

ಬಿಳಿಕೋಟು

ಆಗುವುದಿಲ್ಲ! ಖಾರ ಗುರುತಿಸುವ ನರದ ಗ್ರಾಹಕ ನಮ್ಮಲ್ಲಿ ಕ್ಯಾಪ್ಸೈಸಿನ್‌ಗೆ ಉರಿಯುತ್ತದೆ. ಹಕ್ಕಿಗಳ ಗ್ರಾಹಕ ಅದಕ್ಕೆ ಅಲ್ಲಾಡುವುದಿಲ್ಲ. ಕಾಡು ಮೆಣಸಿನ ಬೀಜ ಹರಡುವುದೂ ಹಕ್ಕಿಗಳಿಂದಲೇ. ಕಹಿ ಮಾತ್ರ ಕೋಳಿಗೆ ಗೊತ್ತಾಗುತ್ತದೆ. ಬೇವು ಜಾಸ್ತಿಯಾದರೆ ತಿನ್ನುವುದು ಕಡಿಮೆ ಮಾಡುತ್ತವೆ. ಟ್ಯಾನಿನ್ ಜಾಸ್ತಿ ಇರುವ ಸೊಪ್ಪು, ತೊಗಟೆ ಹಾಕಿದರೆ ಪ್ರೋಟೀನ್ ಜೀರ್ಣ ಆಗುವುದು ಕುಗ್ಗುತ್ತದೆ. ಗಿಡದ್ದು ಅಂತ ಕಣ್ಣುಮುಚ್ಚಿ ಸುರಿಯಬೇಡಿ.

ಮಿಕ್ಸರ್‌ಮನೆ

ಅದಕ್ಕೆ ಇನ್ನೊಂದು ಸೇರಿಸಿ. ಸರಿಯಾಗಿ ಒಣಗದ ಅರಿಶಿನ, ಮೆಣಸಿನಕಾಯಿಗೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ಅನ್ನುವ ಬೂಸ್ಟಿನ ವಿಷ ಬರುತ್ತದೆ. ಬಣ್ಣ ಬರಲಿ ಅಂತ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಬೆರೆಸಿ ಸಿಕ್ಕಿಬಿದ್ದ ಪ್ರಕರಣಗಳೂ ಇವೆ. ಅದು ಸೀಸ, ವಿಷ. ಕಡಿಮೆ ದರ್ಜೆಯ ಮಾಲು ಫೀಡ್ ಕಡೆಗೆ ತಿರುಗುವುದು ಸಹಜ. ನಾವು ಲಾಟ್ ಬಂದಾಗ ಪರೀಕ್ಷೆಯ ಪತ್ರ ಇಲ್ಲದೆ ಇಳಿಸಿಕೊಳ್ಳುವುದಿಲ್ಲ.

ಕತ್ತಿಮನೆ

ಅರಿಶಿನ ಹಾಕಿದರೆ ಚರ್ಮ ಹಳದಿ ಬರುತ್ತದೆ, ಅದು ಒಳ್ಳೆ ಕೋಳಿಯ ಗುರುತು ಅಂತಾರಲ್ಲ?

ಪಿಪೆಟ್

ಚರ್ಮದ ಹಳದಿ ಬರುವುದು ಮುಖ್ಯವಾಗಿ ಮೆಕ್ಕೆಜೋಳ ಮತ್ತು ಚೆಂಡುಹೂವಿನ ಲ್ಯುಟೀನ್ ಥರದ ಬಣ್ಣಗಳಿಂದ. ಬೇಕಾದರೆ ಹಾಕಿಕೊಳ್ಳಿ. ಚರ್ಮ ಹಳದಿ ಇದ್ದ ಮಾತ್ರಕ್ಕೆ ಒಳಗಿನ ಮಾಂಸ ಮೃದುವೂ ಅಲ್ಲ, ತಾಜಾನೂ ಅಲ್ಲ.

ರುಚಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಮೂಲಿಕೆ ತಿಂದ ಕೋಳಿಯಲ್ಲಿ ಆ ಮೂಲಿಕೆಯ ಪರಿಮಳ ಬರುತ್ತದೆ ಅಂತ ಕಾಯಬೇಡಿ. ಬೆಳ್ಳುಳ್ಳಿ ತೀರಾ ಜಾಸ್ತಿ ಹಾಕಿದರೆ ವಾಸನೆ ತಟ್ಟಬಹುದು, ಅದು ಬೇಡದ ವಾಸನೆ. ಮೀನೆಣ್ಣೆ ಹಾಕಿದ ಕೋಳಿಗೆ ಮೀನಿನ ವಾಸನೆ ಬಂದ ಅನುಭವ ಎಲ್ಲರಿಗೂ ಇದೆಯಲ್ಲ. ಮೂಲಿಕೆಯಿಂದ ರುಚಿಗೆ ಸಿಗುವ ಲಾಭ ಕಮಟು ತಡವಾಗಿ ಬರುವುದು. ಬೇಯಿಸಿ ಇಟ್ಟು ಮಾರನೇ ದಿನ ಬಿಸಿ ಮಾಡಿದಾಗ ಬರುವ ಆ ಹಳಸಲು ವಾಸನೆ ಕಡಿಮೆ ಇರುತ್ತದೆ. ನನ್ನ ಲೆಕ್ಕದಲ್ಲಿ ಇದೇನೂ ಸಣ್ಣದಲ್ಲ.

ಹಸಿರುಚೀಲ

ಒಪ್ಪುತ್ತೇನೆ. ಹೊದಿಕೆ ಕಟ್ಟಿದ ಓರೆಗಾನೊ ಎಣ್ಣೆ ಅಥವಾ ಓಮದ ಎಣ್ಣೆ ನೋಡಿ ಅಂತ ಹೇಳುತ್ತೇನೆ ಗರಿಗೂಡು ಅವರೇ. ಓಮದಲ್ಲೂ ಮುಖ್ಯವಾಗಿರುವುದು ಥೈಮಾಲೇ. ಎಷ್ಟು ಪರ್ಸೆಂಟ್ ಅಂತ ಬರೆದುಕೊಡುವವರ ಹತ್ತಿರ ಮಾತ್ರ ತೆಗೆದುಕೊಳ್ಳಿ, ನಮ್ಮ ಹತ್ತಿರವಾದರೂ ಅಷ್ಟೇ.

ಹಳೇಕೋಳಿ

ಮಾರುವವರೇ ಹೀಗೆ ಹೇಳಿದರೆ ಜಗಳ ಆಡೋದು ಯಾರ ಜೊತೆ! ಒಂದು ಮಾತು ಮಾತ್ರ. ಇದನ್ನು ನಂಬಿ ರಕ್ತಭೇದಿ ತಡೆಯುವ ಔಷಧಿ ಏಕಾಏಕಿ ನಿಲ್ಲಿಸಬೇಡಿ. ಹಾಗೆ ಮಾಡಿ ಬ್ಯಾಚ್ ಕಳೆದುಕೊಂಡವರನ್ನು ನೋಡಿದ್ದೇನೆ.

ಬಿಳಿಕೋಟು

ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಕಾಕ್ಸಿಡಿಯೋಸಿಸ್‌ಗೆ (ಅದೇ ರಕ್ತಭೇದಿ ರೋಗ) ಮೂಲಿಕೆ ಸಹಾಯ ಮಾಡಬಹುದು, ಒಂಟಿಯಾಗಿ ಕಾಯುತ್ತದೆ ಅಂತ ನೆಚ್ಚಬೇಡಿ. ಮೂಲಿಕೆ ಹಾಕಿದ್ದೀರಿ ಅಂತ ಔಷಧಿಯ ವಿರಾಮದ ದಿನಗಳೂ (ಔಷಧಿ ನಿಲ್ಲಿಸಿ ಕತ್ತರಿಸುವವರೆಗೆ ಕಾಯಬೇಕಾದ ದಿನಗಳು) ಕಡಿಮೆ ಆಗುವುದಿಲ್ಲ.

ಗರಿಗೂಡು

ಚೀಲದವರಿಗೆ ಕೇಳಿ ಕಳಿಸಿದ್ದೆ: ಪುಡಿಯೋ ಸತ್ವವೋ, ಕಾರ್ವಕ್ರಾಲ್ ಎಷ್ಟು, ಸೀಸ ಮತ್ತು ಅಫ್ಲಾಟಾಕ್ಸಿನ್ ವರದಿ ಇದೆಯಾ. "ಫಾರ್ಮುಲಾ ಗುಟ್ಟು ಸರ್" ಅಂತ ಉತ್ತರ ಬಂತು. ವರದಿಯ ಬಗ್ಗೆ ಮಾತೇ ಇಲ್ಲ. ಅದನ್ನು ಬಿಟ್ಟೆ.

ಈಗ ಯೋಚಿಸಿರುವುದು ಹೀಗೆ. ಒಂದೇ ಹ್ಯಾಚಿನ ಮರಿ, ಒಂದೇ ಶೆಡ್, ಸಣ್ಣ ಸಣ್ಣ ಅಂಕಣ ಮಾಡಿ ಮೂರು ಫೀಡ್. ಈಗಿನದ್ದು ಒಂದು. ಅದಕ್ಕೆ ವಿಟಮಿನ್ ಇ ಕಿಲೋಗೆ 200 ಮಿಲಿಗ್ರಾಂ ಆಗುವಂತೆ ಏರಿಸಿದ್ದು ಇನ್ನೊಂದು. ಪ್ರಮಾಣ ಬರೆದಿರುವ ಓರೆಗಾನೊ ಎಣ್ಣೆ ಸೇರಿಸಿದ್ದು ಮೂರನೆಯದು. ಏನಾದರೂ ಬಿಟ್ಟಿದ್ದೇನಾ?

ಪಿಪೆಟ್

ಚೆನ್ನಾಗಿದೆ. ಒಂದು ಫೀಡ್‌ಗೆ ಒಂದೇ ಅಂಕಣ ಮಾಡಬೇಡಿ. ಫ್ಯಾನ್ ಹತ್ತಿರದ ಅಂಕಣಕ್ಕೆ ಒಳ್ಳೆ ಗಾಳಿ, ಮೂಲೆಯದ್ದಕ್ಕೆ ಸೆಕೆ. ಆಮೇಲೆ ವ್ಯತ್ಯಾಸ ಬಂದದ್ದು ಫೀಡ್‌ನಿಂದಲೋ ಫ್ಯಾನ್‌ನಿಂದಲೋ ಗೊತ್ತಾಗುವುದಿಲ್ಲ. ಪ್ರತಿ ಫೀಡ್‌ಗೂ ಹಲವು ಅಂಕಣ, ಶೆಡ್ ತುಂಬಾ ಚದುರಿಸಿ. ಕೊನೆಯ ವಾರ ಮಾತ್ರ ಕೊಟ್ಟರೆ ಸಾಲದು, ವಿಟಮಿನ್ ಇ ಸ್ನಾಯುವಿನಲ್ಲಿ ತುಂಬಿಕೊಳ್ಳಲು ಕೆಲವು ವಾರ ಬೇಕು. ಒಂದೇ ದಿನ ಕತ್ತರಿಸಿ, ಮೂರು ಗುಂಪನ್ನೂ ಬೆರೆಸಿ ಸಾಲು ಹಿಡಿಸಿ. ಒಂದು ಗುಂಪು ಪೂರ್ತಿ ಮೊದಲು, ಇನ್ನೊಂದು ಕೊನೆಗೆ ಅಂತ ಆಗಬಾರದು. ಕತ್ತರಿಸುವ ಮುಂಚೆ ಫೀಡ್ ತೆಗೆಯುವ ಹೊತ್ತೂ ಎಲ್ಲಕ್ಕೂ ಒಂದೇ ಇರಲಿ, 8ರಿಂದ 12 ಗಂಟೆಯ ಒಳಗೆ.

ನೀರು ಸೋರುವುದನ್ನು ಮನೆಯಲ್ಲೇ ಅಳೆಯಬಹುದು. ಎದೆ ಮಾಂಸದ ಒಂದೇ ಜಾಗದಿಂದ, ಚರ್ಮ ತೆಗೆದು, ಸುಮಾರು ಒಂದೇ ಗಾತ್ರದ ತುಂಡು ಕತ್ತರಿಸಿ. ಒರೆಸಿ ತೂಗಿ. ದಾರಕ್ಕೆ ಪೋಣಿಸಿ, ಗಾಳಿ ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಬದಿಗೆ ತಾಗದ ಹಾಗೆ ನೇತುಹಾಕಿ. 4 ಡಿಗ್ರಿಯಲ್ಲಿ 48 ಗಂಟೆ ಬಿಟ್ಟು ಮತ್ತೆ ಒರೆಸಿ ತೂಗಿ. ಕಳೆದುಕೊಂಡ ತೂಕ ಮೊದಲಿನ ತೂಕದ ನೂರಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು, ಕೋಳಿ ತೂಗುವ ತಕ್ಕಡಿ ಆಗುವುದಿಲ್ಲ.

ಗರಿಗೂಡು

ಕಮಟು ವಾಸನೆಗೆ?

ಪಿಪೆಟ್

ತೊಡೆ ಮಾಂಸವನ್ನು ಕೈಮಾ ಮಾಡಿ ಒಂದೇ ಅಳತೆಯ ಪೊಟ್ಟಣ ಕಟ್ಟಿ. ಒಂದು ಬಿಗಿ, ಒಂದು ಸಡಿಲ ಆಗಬಾರದು, ಒಳಗಿನ ಗಾಳಿಯೇ ಲೆಕ್ಕ ತಪ್ಪಿಸುತ್ತದೆ. ಬರೀ ಸಂಖ್ಯೆ ಬರೆದು ಫ್ರೀಜ್ ಮಾಡಿ. ಯಾವ ಸಂಖ್ಯೆ ಯಾವ ಫೀಡ್ ಅನ್ನುವ ಚೀಟಿ ಮನೆಯವರ ಹತ್ತಿರ ಇರಲಿ. ತಿಂಗಳು, ಎರಡು ತಿಂಗಳು, ಮೂರು ತಿಂಗಳಿಗೆ ಒಂದೊಂದು ಕಂತು ತೆಗೆದು ಸ್ವಲ್ಪ ಬೇಯಿಸಿ, ವಿಷಯ ಗೊತ್ತಿಲ್ಲದವರಿಗೆ ಮೂಸಲು ಕೊಡಿ. ಮಿಕ್ಕ ಪೊಟ್ಟಣ ಐಸ್ ಪೆಟ್ಟಿಗೆಯಲ್ಲಿ ಯಾವುದಾದರೂ ಲ್ಯಾಬ್‌ಗೆ ಕಳಿಸಿ ಟಿಬಾರ್ಸ್ ಮಾಡಿಸಿ. ದಾರಿಯಲ್ಲಿ ಕರಗಿದರೆ ಆ ಪೊಟ್ಟಣ ಲೆಕ್ಕಕ್ಕೆ ಹಿಡಿಯಬೇಡಿ.

ಕತ್ತಿಮನೆ

ಮೂಸುವುದಕ್ಕೆ ನನ್ನನ್ನು ಕರೆಯಬೇಡಿ, ನನ್ನ ಮೂಗು ಇದರಲ್ಲೇ ಸತ್ತಿದೆ. ಕತ್ತರಿಸುವ ದಿನ ಬರುತ್ತೇನೆ. ಗಾಡಿ ಮಾತ್ರ ನಸುಕಿನಲ್ಲೇ ಹೊರಡಲಿ.